ಹವೆ ಬದಲಾದದ್ದು ನಿಮ್ಮಿಂದಲ್ಲ

ಪ್ರಶ್ನೆ: ನನಗೆ 38 ವರ್ಷ. ಧಾರವಾಡದಲ್ಲಿದ್ದೇವೆ. ಮನೆಯಲ್ಲಿ ಪತಿ, ಆರು ವರ್ಷದ ಮಗ, 72 ವರ್ಷದ ಅತ್ತೆ. ಅತ್ತೆಗೆ ಬಿ.ಪಿ. ಇದೆ, ಜೊತೆಗೆ ದಮ್ಮು. ಈ ಸಲ ಬೆಳಿಗ್ಗೆ ಕೈ ಸೆಟೆಯುವಷ್ಟು ಥಂಡಿ, ಮಧ್ಯಾಹ್ನ ಬೆವರು, ನಡುವೆ ಎರಡು ದಿನ ಮೋಡ ಕವಿದು ಜಿಟಿಜಿಟಿ ಮಳೆ. ಅತ್ತೆ ಕಿಟಕಿ ಮುಚ್ಚು ಅನ್ನುತ್ತಾರೆ, ಪತಿ ಫ್ಯಾನ್ ಹಾಕುತ್ತಾರೆ, ಮಗ ಹೊದಿಕೆ ಒದ್ದು ಮಲಗುತ್ತಾನೆ. ರಾತ್ರಿ ಮೇಲಿಂದ ಮೇಲೆ ಎದ್ದು ಎಲ್ಲರನ್ನೂ ನೋಡಿ ಬರುತ್ತೇನೆ. ಮೊಬೈಲಿನಲ್ಲಿ ಗಂಟೆಗೊಮ್ಮೆ ಹವಾಮಾನ ನೋಡುವುದು ಚಟವೇ ಆಗಿದೆ. ಅತ್ತೆಯ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿದರೆ ಅವರಿಗೆ ತುಸು ಆರಾಮ. ಮೊನ್ನೆ ಮಗನಿಗೆ ಕೆಮ್ಮು ಶುರುವಾದಾಗ, ‘ಮೋಡದ ದಿನ ತಲೆಗೆ ನೀರು ಹಾಕಿದೆಯಲ್ಲ, ಅದಕ್ಕೇ’ ಎಂದುಬಿಟ್ಟರು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಹವೆಗೆಲ್ಲ ಯಾರಾದರೂ ಅಳುತ್ತಾರೆಯೇ? ನನಗೇನಾಗಿದೆ?

ಉತ್ತರ: ನೀವು ಅತ್ತದ್ದು ಹವೆಗಲ್ಲ. ವಾರಗಟ್ಟಲೆ ಸರಿಯಾಗಿ ನಿದ್ದೆಯಿಲ್ಲದೆ ಮೂವರ ಮೈ ಕಾಯುತ್ತಿದ್ದೀರಿ. ಇಷ್ಟು ಮಾಡಿದ ಮೇಲೂ ಕೆಮ್ಮು ಬಂತು, ಅದರ ಹೊಣೆಯೂ ನಿಮ್ಮ ತಲೆಗೇ ಬಂತು. ಯಾರಿಗಾದರೂ ಕಣ್ಣು ತುಂಬಿ ಬರುತ್ತದೆ. ಇಂಥ ಪತ್ರಗಳು ಕಾರ್ತಿಕ ಮುಗಿದು ಧನುರ್ಮಾಸ ಶುರುವಾಗುವ ಹೊತ್ತಿಗೆ ಬರುತ್ತವೆ, ಬರೆದವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಹಾಗಾಗಿ ‘ನಾನೊಬ್ಬಳೇ’ ಎಂಬ ಸಂಕೋಚ ಬೇಡ.

ಆದರೆ ಮುಂದಿನ ಮಾತಿಗೆ ಮೊದಲು ಆ ಅಗ್ಗಿಷ್ಟಿಕೆಯ ವಿಷಯ. ನೀವು ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ನಾನು ಅಲ್ಲಿಯೇ ನಿಂತೆ. ಮುಚ್ಚಿದ ಕೋಣೆಯಲ್ಲಿ ಉರಿಯುವ ಇದ್ದಿಲು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೂ ಅದು ಇರುತ್ತದೆ. ತಲೆನೋವು, ಮಂಪರು ಬಂದು, ಮಲಗಿದವರು ಏಳದೇ ಹೋಗಬಹುದು. ದಮ್ಮಿನವರಿಗಂತೂ ಇದ್ದಿಲಿನ ಗಾಳಿಯೇ ಕಂಟಕ. ಇಂದು ರಾತ್ರಿಯಿಂದಲೇ ಅದನ್ನು ಕೋಣೆಯಿಂದ ಹೊರಗಿಡಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೂ ಇದೇ ಮಾತು: ಕಿಟಕಿ ತೆರೆದೇ ಇರಬೇಕು. ಅತ್ತೆಯ ಕಾಲ ಬಳಿ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಇಡಿ. ಮಲಗುವ ಮುಂಚೆ ಕಾಲುಚೀಲ, ಕಿವಿ ಮುಚ್ಚುವ ಟೋಪಿ. ನಿಮ್ಮ ಕಡೆಯ ಕೌದಿ ಇದ್ದರೆ ಒಂದು ದಪ್ಪ ರಗ್ಗಿನ ಬದಲು ಎರಡು ಕೌದಿ ಕೊಡಿ. ಪದರದ ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದು, ಸೆಕೆಯಾದರೆ ಒಂದನ್ನು ತೆಗೆಯಬಹುದು.

ಇನ್ನು ನಿಮ್ಮ ಮನಸ್ಸಿನ ವಿಷಯ. ಹವೆ ಬದಲಾದಾಗಲೆಲ್ಲ ನೀವು ಏನೋ ತಪ್ಪು ಮಾಡಿದೆ ಎಂಬಂತೆ ಗಾಬರಿಯಾಗುತ್ತೀರಿ. ಹವೆಯಲ್ಲಿ ಆಗುವುದಾದರೂ ಏನು? ಆಕಾಶ ತಿಳಿಯಾಗಿ ಗಾಳಿ ಒಣಗಿದ್ದರೆ ನೆಲ ಹಗಲು ಹೀರಿದ ಶಾಖವನ್ನು ರಾತ್ರಿಯಿಡೀ ಬಿಟ್ಟುಕೊಡುತ್ತದೆ, ನಸುಕಿನಲ್ಲಿ ಥಂಡಿ ಕಡಿಯುತ್ತದೆ. ಅದೇ ತಿಳಿ ಆಕಾಶ ಮಧ್ಯಾಹ್ನ ಬಿಸಿಲು ಸುರಿಸುತ್ತದೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೋಡ ಇತ್ತ ಬಂದರೆ ರಾತ್ರಿ ಅಷ್ಟು ಚಳಿಯಿರದು, ಹಗಲು ಮಾತ್ರ ತಣ್ಣಗೆ ಜಡವಾಗಿರುತ್ತದೆ. 2024ರ ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ಮುಟ್ಟಿದಾಗ ದಕ್ಷಿಣ ಕರ್ನಾಟಕದವರೂ ಸ್ವೆಟರ್ ಹಾಕಿಕೊಂಡು ಕೊಡೆ ಹಿಡಿದಿದ್ದರು. ಪುದುಚೇರಿಯ ಆಚೆ ಹುಟ್ಟಿದ ಗಾಳಿಯನ್ನು ಧಾರವಾಡದ ಅಡುಗೆಮನೆಯಿಂದ ಯಾರೂ ಸಂಭಾಳಿಸಲಾರರು.

ಕೆಮ್ಮು ಕೂಡ ತಲೆಸ್ನಾನದಿಂದ ಬಂದದ್ದಲ್ಲ. ಮಕ್ಕಳಿಗೆ ನೆಗಡಿ, ಕೆಮ್ಮು ಬರುವುದು ಹೆಚ್ಚಾಗಿ ವೈರಸ್‌ನಿಂದ. ಚಳಿಗೆ ಎಲ್ಲರೂ ಕಿಟಕಿ ಮುಚ್ಚಿ ಒತ್ತಾಗಿ ಕೂರುವುದರಿಂದ ಅದು ಹರಡುವುದು ಸುಲಭವಾಗುತ್ತದೆ. ಹಾಗಂತ ಇದನ್ನು ಅತ್ತೆಯ ಮುಂದೆ ವಾದವಾಗಿ ಇಡಬೇಡಿ. ಅವರು ಹೇಳಿದ್ದು ಆರೋಪದಂತೆ ಕೇಳಿತು, ಒಳಗಿದ್ದದ್ದು ಭಯ ಎಂದು ನನಗನ್ನಿಸುತ್ತದೆ. ಉಸಿರು ಕಟ್ಟುವುದು ಎಂಥದ್ದೆಂದು ಆ ಮನೆಯಲ್ಲಿ ಗೊತ್ತಿರುವುದು ಅವರೊಬ್ಬರಿಗೇ. ಮೊಮ್ಮಗ ಕೆಮ್ಮಿದರೆ ಅವರಿಗೆ ತಮ್ಮದೇ ದಮ್ಮು ಕೇಳಿಸಿರಬಹುದು. ಬಿಡುವಾದಾಗ ಪಕ್ಕ ಕೂತು ಇಷ್ಟು ಹೇಳಿ ನೋಡಿ: ‘ನನಗೂ ಹೆದರಿಕೆ ಆಗುತ್ತದೆ ಅತ್ತೆ. ನೀವು ಹಾಗಂದಾಗ ತಪ್ಪೆಲ್ಲ ನನ್ನದೇ ಅನ್ನಿಸಿತು. ಡಾಕ್ಟರನ್ನು ಇಬ್ಬರೂ ಕೂಡಿ ಕೇಳೋಣ.’ ಉತ್ತರ ಕೂಡಲೇ ಸಿಗದಿದ್ದರೂ ಪರವಾಗಿಲ್ಲ.

ಎಲ್ಲರಿಗೂ ಹಿತವಾಗುವ ಒಂದೇ ಉಷ್ಣತೆಯನ್ನು ಹುಡುಕುವುದನ್ನೂ ಬಿಡಿ. ವಯಸ್ಸಾದ ಮೈಗೆ ಚಳಿ ಹೆಚ್ಚು, ಆಡಿ ಬಂದ ಮಗುವಿಗೆ ಸೆಕೆ ಹೆಚ್ಚು, ಇಬ್ಬರದೂ ನಿಜ. ಕಿಟಕಿ ಬಿಸಿಲೇರಿದ ಮೇಲೆ ತೆರೆದು ಸಂಜೆಗೆ ಮುಚ್ಚಿದರೆ ಸಾಕು. ಅತ್ತೆಯ ಸ್ನಾನ ನಸುಕಿಗೆ ಬೇಡ, ಹನ್ನೊಂದರ ಬಿಸಿಲಿಗಿರಲಿ. ಮಡಿಯ ಪ್ರಶ್ನೆ ಬಂದರೆ ಕೈಕಾಲು ಮುಖ ತೊಳೆದು ದೀಪ ಹಚ್ಚಲಿ, ದೇವರು ಕೋಪಿಸಿಕೊಳ್ಳುವುದಿಲ್ಲ. ಚಳಿಗೆ ರಕ್ತನಾಳ ಬಿಗಿದು ಬಿ.ಪಿ. ಏರುವುದುಂಟು. ಆದ್ದರಿಂದ ಒಮ್ಮೆ ಪರೀಕ್ಷೆ ಮಾಡಿಸಿ. ‘ಆರಾಮ ಇದ್ದೇನೆ’ ಎಂದು ಮಾತ್ರೆಯಾಗಲಿ, ದಿನವೂ ಎಳೆಯಬೇಕಾದ ಇನ್ಹೇಲರ್ ಆಗಲಿ ತಾವೇ ನಿಲ್ಲಿಸಬಾರದು. ಮಗನಿಗೆ ಆವಿ ಹಿಡಿಸಲು ಕುದಿನೀರಿನ ಪಾತ್ರೆ ಮುಂದಿಡಬೇಡಿ, ಮೈ ಸುಟ್ಟುಕೊಳ್ಳುವ ಅಪಾಯವೇ ಹೆಚ್ಚು.

ಮಗು ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ನೀರನ್ನೂ ಕುಡಿಯದೆ ಮಂಕಾಗಿ ಮಲಗಿದರೆ, ಅತ್ತೆಗೆ ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ, ಎದೆನೋವು ಕಾಣಿಸಿದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಈ ಲಕ್ಷಣಗಳನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಯಾವಾಗ ಹೆದರಬೇಕೆಂದು ಗೊತ್ತಿದ್ದರೆ ಉಳಿದ ಹೊತ್ತು ಹೆದರುವ ಕೆಲಸ ಕಡಿಮೆಯಾಗುತ್ತದೆ.

ನಿಮ್ಮ ಪತಿಯ ಬಗ್ಗೆ ಪತ್ರದಲ್ಲಿರುವುದು ಫ್ಯಾನ್ ಒಂದೇ. ಅವರಿಗೆ ನಿಮ್ಮ ರಾತ್ರಿಗಳ ಅರಿವೇ ಇಲ್ಲದಿರಬಹುದು. ‘ಸ್ವಲ್ಪ ಸಹಾಯ ಮಾಡಿ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಸೋಮವಾರ, ಬುಧವಾರ, ಶುಕ್ರವಾರ ರಾತ್ರಿ ಮಗುವನ್ನು ನೀವು ನೋಡಿಕೊಳ್ಳಿ, ನಾನು ಅತ್ತೆಯ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿ ಮಲಗುತ್ತೇನೆ’ ಎಂದು ದಿನ ಹೆಸರಿಸಿ ಕೇಳಿ. ಅವರು ಹೊದಿಕೆ ನಿಮ್ಮಷ್ಟು ನೀಟಾಗಿ ಹೊದಿಸಲಿಕ್ಕಿಲ್ಲ. ಹೋಗಿ ಸರಿಮಾಡಬೇಡಿ. ಹವಾಮಾನವನ್ನು ಸಂಜೆ ಒಮ್ಮೆ ನೋಡಿ, ನಾಳೆಯ ಬಟ್ಟೆ ತೆಗೆದಿಟ್ಟು ಮೊಬೈಲನ್ನು ಬೇರೆ ಕೋಣೆಯಲ್ಲಿ ಬಿಡಿ. ಮೊದಲ ರಾತ್ರಿಗಳಲ್ಲಿ ಕೈ ಅದನ್ನೇ ಹುಡುಕುತ್ತದೆ, ಹುಡುಕಲಿ.

ಬಿಸಿಲು ಕಡಿಮೆಯಾಗಿ ಮನಸ್ಸು ಕುಗ್ಗಿತೇ ಎಂದು ಕೆಲವರು ಕೇಳುತ್ತಾರೆ. ನಮ್ಮಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲೂ ಸುಮಾರು 11 ಗಂಟೆಯಿರುತ್ತದೆ. ಹಾಗಾಗಿ ನಿಮ್ಮ ವಿಷಯದಲ್ಲಿ ನಾನು ಮೊದಲು ಅನುಮಾನಿಸುವುದು ನಿದ್ದೆಗೇಡನ್ನೇ. ನಿದ್ದೆಗೆ ಅವಕಾಶ ಸಿಕ್ಕ ಮೇಲೂ ಎರಡು ವಾರ ಕಣ್ಣು ಹತ್ತದಿದ್ದರೆ, ಅಳು ತಡೆಯಲಾಗದಿದ್ದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಕಾಯಬೇಡಿ. ನಿಮ್ಮೂರಿನಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ‘ಧಾರವಾಡಕ್ಕೆ ಕಳಿಸಬೇಕು’ ಎಂದು ಸುತ್ತಲ ಜಿಲ್ಲೆಯವರು ಚೇಷ್ಟೆ ಮಾಡುವುದು ನನಗೂ ಗೊತ್ತು. ಆದರೆ ಅಲ್ಲಿನ ಹೊರರೋಗಿ ವಿಭಾಗಕ್ಕೆ ನಿದ್ದೆಯಿಲ್ಲ, ಆತಂಕ ಎಂದು ನಿಮ್ಮಂಥವರೂ ಬರುತ್ತಾರೆ. ಅಲ್ಲಿಗೆ ಹೋಗಲು ಈಗ ಮನಸ್ಸಿಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅತ್ತೆಯ ದಮ್ಮು, ಮಗನ ಕೆಮ್ಮಿನಿಂದ ಶುರುಮಾಡದೆ, ನಿಮ್ಮ ನಿದ್ದೆಯ ಮಾತನ್ನೇ ಮೊದಲು ಹೇಳಿ.