‘ನೆಗಡಿಗಿ ಇಷ್ಟ್ಯಾಕ ಮಲಗ್ತೀ?’

ಪ್ರಶ್ನೆ: ನನಗೆ 29 ವರ್ಷ. ವಾಡಿ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದೆ. ತೊಗರಿ ರಾಶಿ ಶುರುವಾದರೆ ಸಾಕು, ಬೆಳಗಾಗುತ್ತಲೇ ಸಾಲು ಸಾಲು ಸೀನು, ಕಣ್ಣು ತುರಿಕೆ. ರಾತ್ರಿ ಮೂಗು ಕಟ್ಟಿ ನಿದ್ದೆಯಿಲ್ಲ, ಹಗಲೆಲ್ಲ ಮೈ ಭಾರ. ‘ನೆಗಡಿಗಿ ಇಷ್ಟ್ಯಾಕ ಮಲಗ್ತೀ?’ ಅನ್ನುತ್ತಾರೆ ಅತ್ತೆ. ಕಷಾಯ, ಟಾನಿಕ್ ಎಲ್ಲ ಆಯಿತು. ನಾನು ಸೋಮಾರಿಯಾಗಿಬಿಟ್ಟೆನೇ?
– ಹೆಸರು ಬೇಡ, ಚಿತ್ತಾಪುರ ತಾಲ್ಲೂಕು

ಉತ್ತರ: ಇಲ್ಲ ತಾಯಿ, ನೀವು ಸೋಮಾರಿಯಲ್ಲ. ಸೀನು ನಾಲ್ಕು ಜನರಿಗೆ ಕೇಳಿಸುತ್ತದೆ, ಸುಸ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಣದ ನೋವನ್ನು ದಿನಾ ಸಾಬೀತು ಮಾಡಬೇಕಾಗಿ ಬಂದಾಗ ಮನಸ್ಸೂ ದಣಿಯುತ್ತದೆ. ನಿಮ್ಮ ಪತ್ರದಲ್ಲಿ ಮೂಗಿಗಿಂತ ಹೆಚ್ಚು ನೊಂದಿರುವುದು ಆ ಮನಸ್ಸು ಅನ್ನಿಸಿತು. ಸೇಡಂ, ಶಹಾಬಾದ್, ಚಿಂಚೋಳಿ ಕಡೆ ಇದನ್ನು ಓದುವ ಎಷ್ಟೋ ಮಂದಿಗೆ ಈ ಮಾತು ತಮ್ಮದೇ ಅನ್ನಿಸಬಹುದು.

‘ಮೈಯಾಗ ಶಕ್ತಿ ಇಲ್ಲ, ಅದಕ್ಕೇ ಅಲರ್ಜಿ’ ಎಂದು ಹಲವರು ನಂಬಿದ್ದಾರೆ. ನಿಜ ಬೇರೆಯೇ ಇದೆ. ನಿಮ್ಮ ದೇಹದ ಕಾವಲು ಅತಿಯಾಗಿ ಚುರುಕಾಗಿದೆ. ತೊಗರಿ ಹೊಟ್ಟಿನ ಧೂಳು, ಮಳೆಗಾಲದ ನಂತರ ಹೂಬಿಡುವ ಕಾಂಗ್ರೆಸ್ ಗಿಡದ ಪರಾಗ, ಹಾಸಿಗೆಯ ಧೂಳುಹುಳು ಇಂಥವನ್ನು ಅದು ವೈರಿಯೆಂದು ತಿಳಿದು ಹಿಸ್ಟಮೈನ್ ಎಂಬ ರಾಸಾಯನಿಕ ಬಿಡುತ್ತದೆ. ಆಗಲೇ ಸೀನು, ತುರಿಕೆ, ಮೂಗು ಕಟ್ಟುವುದು. ಒಲೆಯ ಹೊಗೆ, ಫರ್ಸಿ ಗಣಿ ಮತ್ತು ಸಿಮೆಂಟಿನ ಧೂಳು ಆ ಉರಿಗೆ ತುಪ್ಪ ಸುರಿಯುತ್ತವೆ. ಮೂಗು ಕಟ್ಟಿದರೆ ನಿದ್ದೆ ಮುರಿಯುತ್ತದೆ, ನಿದ್ದೆ ಮುರಿದರೆ ಹಗಲು ಮೈ ಏಳುವುದಿಲ್ಲ. ತೂತುಬಿದ್ದ ಕೊಡಕ್ಕೆ ಎಷ್ಟು ಟಾನಿಕ್ ಸುರಿದರೇನು? ಮೊದಲು ತೂತು ಮುಚ್ಚೋಣ.

ಧೂಳು ದೂರವಿಡಿ. ರಾಶಿ ಮಾಡುವಾಗ, ಕಸ ಗುಡಿಸುವಾಗ ಮೂಗು ಬಾಯಿಗೆ ಮಾಸ್ಕ್ ಇರಲಿ. ಒಣ ಕಸಬರಿಗೆಗಿಂತ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ. ಹೊಲದಿಂದ ಬಂದವರು ಮುಖ, ಕೈಕಾಲು ತೊಳೆದು, ಬಟ್ಟೆ ಬದಲಿಸಿಯೇ ಹಾಸಿಗೆಗೆ ಹೋಗಲಿ. ದಿಂಬಿನ ಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ.

ಮೂಗು ತೊಳೆಯಿರಿ. ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಅರ್ಧ ಚಿಕ್ಕ ಚಮಚ ಉಪ್ಪು ಬೆರೆಸಿ, ಮಲಗುವ ಮುನ್ನ ಮೂಗು ತೊಳೆದರೆ ಉಸಿರು ಹಗುರಾಗುತ್ತದೆ. ಕುದಿಸದ ಬೋರ್ ನೀರು, ನಳದ ನೀರು ಮಾತ್ರ ಬೇಡ.

ಮಾತ್ರೆಯ ಬಗ್ಗೆ ಎಚ್ಚರ. ಅಂಗಡಿಯಲ್ಲಿ ಕೇಳಿ ತರುವ ಕೆಲವು ಹಳೆಯ ಅಲರ್ಜಿ ಮಾತ್ರೆಗಳೇ ಮಂಪರು ತರಿಸುತ್ತವೆ. ನಿಮ್ಮ ಸುಸ್ತಿನಲ್ಲಿ ಅವುಗಳ ಪಾಲೂ ಇರಬಹುದು. ಮೂಗು ಬಿಡಿಸುವ ಡ್ರಾಪ್ಸ್ ಮೂರ್ನಾಲ್ಕು ದಿನ ಮೀರಿದರೆ ಮೂಗು ಇನ್ನಷ್ಟು ಕಟ್ಟುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರನ್ನು ಕಂಡು, ಮಂಪರು ಕಡಿಮೆಯಿರುವ ಮಾತ್ರೆ ಅಥವಾ ಮೂಗಿನ ಸ್ಪ್ರೇ ನಿಮಗೆ ಹೊಂದುತ್ತದೆಯೇ ಎಂದು ಕೇಳಿ. ಸ್ಪ್ರೇ ಫಲ ಕೊಡಲು ಕೆಲವು ದಿನ ಬೇಕು, ನಡುವೆ ಬಿಡಬೇಡಿ. ಗರ್ಭಿಣಿಯಾಗಿದ್ದರೆ, ಹಾಲುಣಿಸುತ್ತಿದ್ದರೆ ಮೊದಲೇ ತಿಳಿಸಿ. ಹಾಗೆಯೇ ರಕ್ತ ಪರೀಕ್ಷೆಯ ಬಗ್ಗೆಯೂ ವಿಚಾರಿಸಿ: ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಸುಸ್ತಾಗುತ್ತದೆ.

ಊಟಕ್ಕೆ ವಿಶೇಷ ಮದ್ದೇನೂ ಬೇಡ. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಲೆ ಹೊತ್ತಿಗೆ ಸರಿಯಾಗಿ ಹೊಟ್ಟೆ ಸೇರಲಿ. ಬಿಸಿ ಕಷಾಯ ಗಂಟಲಿಗೆ ಹಿತ, ಕುಡಿಯಿರಿ. ಅಲರ್ಜಿಯನ್ನು ಅದು ವಾಸಿ ಮಾಡುವುದಿಲ್ಲ. ಹೆಚ್ಚು ಸುಸ್ತಾದ ದಿನ ಅರ್ಧ ಕೆಲಸಕ್ಕೇ ನಿಲ್ಲಿಸಿದರೆ ತಪ್ಪೇನಿಲ್ಲ.

ಎದೆ ಬಿಗಿತ, ಉಸಿರಲ್ಲಿ ಸಿಳ್ಳೆಯಂಥ ಸದ್ದು, ರಾತ್ರಿ ಕೆಮ್ಮು ಕಂಡರೆ ಅದು ಆಸ್ತಮಾ ಇರಬಹುದು, ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಮಾತಾಡಲೂ ಆಗದಷ್ಟು ಏದುಸಿರು ಬಂದರೆ 108ಕ್ಕೆ ಕರೆ ಮಾಡಿ. ಗಣಿಯಲ್ಲಿ, ಕಲ್ಲು ಕೊರೆಯುವಲ್ಲಿ ದುಡಿಯುವವರು ಬಿಡದ ಕೆಮ್ಮನ್ನು ಅಲರ್ಜಿಯೆಂದು ತಳ್ಳಿಹಾಕದೆ ಶ್ವಾಸಕೋಶ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮನಸ್ಸಿನ ಭಾರ ಎರಡು ವಾರವಾದರೂ ಇಳಿಯದಿದ್ದರೆ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಮಾತನಾಡಬಹುದು.

ಸಾಧ್ಯವಾದರೆ ಆಸ್ಪತ್ರೆಗೆ ಅತ್ತೆಯವರನ್ನೂ ಕರೆದೊಯ್ಯಿರಿ. ಅವರು ಕೆಟ್ಟವರೆಂದು ನನಗನ್ನಿಸುವುದಿಲ್ಲ. ಎಷ್ಟೋ ರಾಶಿಗಳನ್ನು ಮೈಮುರಿದು ಮಾಡಿದ ಜೀವ ಅದು. ತಮ್ಮ ದಣಿವನ್ನು ಯಾರೂ ಕೇಳದ ಕಾಲದಿಂದ ಬಂದವರು. ವೈದ್ಯರ ಬಾಯಿಂದ ಕೇಳಿದರೆ ಅವರಿಗೂ ಅರ್ಥವಾದೀತು.

ಈ ಅಂಕಣ ಓದುತ್ತಿರುವ ಎಲ್ಲ ಅತ್ತೆಯರಲ್ಲಿ ನನ್ನದೊಂದು ಬೇಡಿಕೆ: ಸೊಸೆ ಹಗಲು ಮಲಗಿದ್ದು ಕಂಡರೆ, ರಾತ್ರಿ ನಿದ್ದೆ ಬಂತೇನವ್ವಾ ಎಂದು ಮೊದಲು ಕೇಳಿ.