ಬಾಣ ಎಳೆಯುವ ಮೊದಲು

ಪುಟ್ಟಾ, ‘ಡೇರಿಗೆ ಹಾಕಿದ ಹಾಲು ಎಲ್ಲಿಗೆ ಹೋಗುತ್ತದೆ’ ಅನ್ನುವುದು ನಿನ್ನ ಸೆಮಿನಾರಿನ ವಿಷಯ ಅಂದೆಯಲ್ಲ, ಒಳ್ಳೆಯದನ್ನೇ ಆರಿಸಿಕೊಂಡಿದ್ದೀಯ. ಸ್ಲೈಡ್ ಮಾಡಲು ಕೂರುವ ಮುಂಚೆ ನನ್ನ ನಾಲ್ಕು ಮಾತು ಕೇಳು.

ಪವರ್‌ಪಾಯಿಂಟ್ ತೆರೆದ ಕೂಡಲೇ ಇನ್ಸರ್ಟ್‌ಗೆ ಹೋಗಿ ಶೇಪ್ಸ್ ಪಟ್ಟಿ ಬಿಚ್ಚಬೇಡ. ನಕ್ಷತ್ರ, ಮೋಡ, ಹೃದಯ ಎಲ್ಲ ಅಲ್ಲಿ ಸಾಲಾಗಿ ಕೂತಿವೆ. ಕಂಡದ್ದನ್ನೆಲ್ಲ ಹಾಕೋಣ ಅನಿಸಿಬಿಡುತ್ತದೆ. ಮೊದಲು ಒಂದು ಹಾಳೆ ತೆಗೆದುಕೊಂಡು ಪೆನ್ಸಿಲಿನಲ್ಲಿ ಗೀಚು. ಹಳ್ಳಿಯ ಸಂಘ, ಹಾಲು ತಣ್ಣಗೆ ಮಾಡುವ ಬಿಎಂಸಿ, ಒಕ್ಕೂಟದ ಡೇರಿ, ಅಂಗಡಿ ಇವೆಲ್ಲ ಜಾಗಗಳು. ಎಲ್ಲಕ್ಕೂ ಒಂದೇ ಬಗೆಯ ಆಯತ ಸಾಕು. ಸಂಘದಲ್ಲಿ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಹಾಲು ತೆಗೆದುಕೊಳ್ಳುವುದೋ ವಾಪಸ್ ಕಳಿಸುವುದೋ ಎಂದು ನಿರ್ಧರಿಸುತ್ತಾರಲ್ಲ, ಅದೊಂದಕ್ಕೆ ಮಾತ್ರ ಡೈಮಂಡ್ ಹಾಕು. ಫ್ಲೋಚಾರ್ಟಿನಲ್ಲಿ ತೀರ್ಮಾನಕ್ಕೆ ಅದೇ ಗುರುತು. ಅಂದಕ್ಕೆಂದು ಇನ್ನೆಲ್ಲೋ ಇನ್ನೊಂದು ಡೈಮಂಡ್ ಇಟ್ಟೆಯೋ, ನೋಡುವವರು ಅಲ್ಲೂ ಹೌದು-ಇಲ್ಲ ಹುಡುಕುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಬಾಣದ ಮೇಲೆ ಯೋಚಿಸು. ಬಾಣ ಎಳೆಯುವುದೆಂದರೆ ‘ಇಲ್ಲಿಂದ ಅಲ್ಲಿಗೆ ಇಂಥದ್ದು ಹೋಗುತ್ತದೆ’ ಎಂದು ಮಾತು ಕೊಟ್ಟಂತೆ. ಏನು ಹೋಗುತ್ತದೆ ಅಂತ ಯಾರಾದರೂ ಕೇಳಿದರೆ ನಿನ್ನಲ್ಲಿ ಉತ್ತರ ಇರಬೇಕು. ಹಾಲಿನ ಬಾಣವನ್ನು ಎಲ್ಲರೂ ಎಳೆಯುತ್ತಾರೆ. ದುಡ್ಡಿನ ಬಾಣ ಎಳೆಯುವವರು ಕಡಿಮೆ. ಅಂಗಡಿಯಲ್ಲಿ ಕೊಟ್ಟ ಹಣ ಒಕ್ಕೂಟಕ್ಕೆ, ಅಲ್ಲಿಂದ ಸಂಘದ ದಾರಿಯಲ್ಲಿ ರೈತರಿಗೆ ಹಿಂದಿರುಗುತ್ತದೆ. ಸಹಕಾರ ಅನ್ನುವುದು ಇರುವುದೇ ಆ ಗೆರೆಯಲ್ಲಿ. ಸರ್ಕಾರ ಲೀಟರಿಗೆ ಇಷ್ಟು ಎಂದು ಕೊಡುವ ಪ್ರೋತ್ಸಾಹಧನ ಇನ್ನೊಂದು ಕಡೆಯಿಂದ ಬರುವಂಥದ್ದು, ಅದರ ಬಾಣ ಬೇರೆ ಪೆಟ್ಟಿಗೆಯಿಂದ ಹೊರಡಬೇಕು. ಹಾಲಿಗೆ ಗಟ್ಟಿ ಗೆರೆ, ದುಡ್ಡಿಗೆ ತುಂಡು ಗೆರೆ ಇಟ್ಟುಕೋ. ಶೇಪ್ ಔಟ್‌ಲೈನ್‌ನಲ್ಲಿ ಡ್ಯಾಶಸ್ ಅಂತ ಇದೆ.

ಇನ್ನು ಕೈಕೆಲಸ. ಶಿಫ್ಟ್ ಕೀಲಿ ಒತ್ತಿ ಹಿಡಿದು ಎಳೆದರೆ ಚೌಕ ಸರಿಯಾದ ಚೌಕವೇ ಆಗುತ್ತದೆ, ವೃತ್ತ ಮೊಟ್ಟೆಯಾಗುವುದಿಲ್ಲ, ಗೆರೆ ಸೊಟ್ಟಗಾಗುವುದಿಲ್ಲ. ಒಂದೇ ಒಂದು ಪೆಟ್ಟಿಗೆಯನ್ನು ಬಣ್ಣ, ಅಂಚು, ಅಕ್ಷರ ಸಮೇತ ಪೂರ್ತಿ ಮಾಡಿಕೊಂಡು, ಕಂಟ್ರೋಲ್ ಡಿ ಒತ್ತಿ ಬೇಕಾದಷ್ಟು ಪ್ರತಿ ತೆಗೆ. ಡೈಮಂಡ್ ಬೇಕಾದ ಕಡೆ ಎಡಿಟ್ ಶೇಪ್, ಚೇಂಜ್ ಶೇಪ್ ಅಂದರೆ ಆಕಾರ ಮಾತ್ರ ಬದಲಾಗಿ ಬಣ್ಣ, ಬರಹ ಹಾಗೇ ಉಳಿಯುತ್ತವೆ. ಸಾಲನ್ನು ಕಣ್ಣಳತೆಯಲ್ಲಿ ಜೋಡಿಸಲು ಹೋಗಬೇಡ. ಎಲ್ಲವನ್ನೂ ಸೆಲೆಕ್ಟ್ ಮಾಡಿ ಅಲೈನ್‌ನಲ್ಲಿ ಅಲೈನ್ ಮಿಡಲ್, ಆಮೇಲೆ ಡಿಸ್ಟ್ರಿಬ್ಯೂಟ್ ಹಾರಿಜಾಂಟಲಿ ಕೊಡು. ನಡುವಿನ ಜಾಗ ಸಮನಾಗುತ್ತದೆ.

ಬಾಣವನ್ನು ಪೆಟ್ಟಿಗೆಯ ಹತ್ತಿರ ತಂದಾಗ ಅಂಚಿನಲ್ಲಿ ಸಣ್ಣ ಚುಕ್ಕಿಗಳು ಏಳುತ್ತವೆ. ತುದಿಯನ್ನು ಆ ಚುಕ್ಕಿಯ ಮೇಲೇ ಬಿಡು. ಅಂಟಿಕೊಂಡರೆ, ಹೊಸ ಆವೃತ್ತಿಗಳಲ್ಲಿ ತುದಿ ಹಸಿರಾಗಿ ಕಾಣುತ್ತದೆ. ಆಮೇಲೆ ಪೆಟ್ಟಿಗೆಯನ್ನು ಎತ್ತ ಸರಿಸಿದರೂ ಬಾಣ ಹಿಂದೆಯೇ ಬರುತ್ತದೆ. ಇಷ್ಟು ಮಾಡದವರು ಒಂದು ಪೆಟ್ಟಿಗೆ ಸರಿಸಿ ಹತ್ತು ಬಾಣ ತಿದ್ದುತ್ತಾ ರಾತ್ರಿ ಕಳೆಯುತ್ತಾರೆ. ಎಲ್ಲ ಕೂತ ಮೇಲೆ ಕಂಟ್ರೋಲ್ ಜಿ ಒತ್ತಿ ಒಟ್ಟುಗೂಡಿಸಿಬಿಡು.

ಬಣ್ಣ ಎರಡು ಸಾಕು, ಅದೂ ಥೀಮ್ ಕಲರ್ಸ್ ಸಾಲಿನಿಂದಲೇ ತೆಗೆದುಕೋ. ನಾಳೆ ಥೀಮ್ ಬದಲಿಸಿದರೆ ಪೆಟ್ಟಿಗೆಗಳ ಬಣ್ಣವೂ ಜೊತೆಗೇ ಬದಲಾಗುತ್ತದೆ. ಕೆಂಪು-ಹಸಿರಿನ ವ್ಯತ್ಯಾಸ ಕೆಲವರ ಕಣ್ಣಿಗೆ ತಿಳಿಯುವುದಿಲ್ಲ; ಆದ್ದರಿಂದ ಬರೀ ಬಣ್ಣವನ್ನು ನಂಬದೆ ಬಾಣದ ಪಕ್ಕ ‘ಹಾಲು’, ‘ಹಣ’ ಎಂದು ಬರೆದೇ ಬಿಡು. ನೆರಳು, ಹೊಳಪು, ಉಬ್ಬು ಯಾವುದೂ ಬೇಡ. ಪ್ರೊಜೆಕ್ಟರಿನಲ್ಲಿ ಅವು ಅಕ್ಷರವನ್ನು ಮಂಕು ಮಾಡುತ್ತವೆ ಅಷ್ಟೆ.

ಹಿಂದಿನ ದಿನವೇ ಕ್ಲಾಸಿನ ಪರದೆಗೆ ಹಾಕಿ, ಕೊನೆ ಬೆಂಚಿನಲ್ಲಿ ಕೂತು ಓದಿ ನೋಡು. ಅಕ್ಷರ ಹಿಡಿಸದಿದ್ದರೆ ಕುಗ್ಗಿಸಬೇಡ, ಸ್ಲೈಡನ್ನೇ ಎರಡು ಮಾಡು. ಒಂದರಲ್ಲಿ ಹಾಲು ಹೋಗಲಿ, ಇನ್ನೊಂದರಲ್ಲಿ ದುಡ್ಡು ಬರಲಿ. ಸಮಯ ಸಾಲದು ಅಂತ ಆ ಎರಡನೆಯದನ್ನು ಮಾತ್ರ ಬಿಟ್ಟುಬಿಡಬೇಡ.