ತಿಂಗಳು ತುಂಬದ ಕೂಸುಗಳು

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿ ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್. ಅಲ್ಲಿ ಬಿಳಿಯರಿಗಿಂತ ಕಪ್ಪು ಜನರ ಕೂಸುಗಳೇ ಹೆಚ್ಚು ಸಾಯುತ್ತವಂತೆ. ಅಂಥ ಶ್ರೀಮಂತ ದೇಶದಲ್ಲಿ ಹೀಗೇಕೆ? ಅವರ ವಂಶದಲ್ಲೇ ಏನಾದರೂ ದೋಷವಿದೆಯೇ? ಅವಳೂ ಈಗ ಐದು ತಿಂಗಳ ಬಸುರಿ, ನನಗೆ ದಿಗಿಲಾಗಿದೆ.
– ಓದುಗರೊಬ್ಬರು, ಧಾರವಾಡ

ಉತ್ತರ: ಮಗಳು ಹೇಳಿದ್ದು ನಿಜ. 2022ರಲ್ಲಿ ಅಲ್ಲಿ ಜೀವಂತ ಹುಟ್ಟಿದ ಪ್ರತಿ 1000 ಕೂಸುಗಳ ಪೈಕಿ ಮೊದಲ ಹುಟ್ಟುಹಬ್ಬ ಕಾಣದೆ ಹೋದವು ಬಿಳಿಯರಲ್ಲಿ 4.5, ಕಪ್ಪು ಜನರಲ್ಲಿ 10.9.

ವಂಶದ ಮಾತನ್ನು ಮೊದಲು ಬಗೆಹರಿಸೋಣ. ರಿಚರ್ಡ್ ಡೇವಿಡ್, ಜೇಮ್ಸ್ ಕಾಲಿನ್ಸ್ ಎಂಬ ಇಬ್ಬರು ವೈದ್ಯರು ಇಲಿನಾಯ್ ರಾಜ್ಯದ ಜನನ ದಾಖಲೆಗಳನ್ನು ಜಾಲಾಡಿ 1997ರಲ್ಲಿ ಲೆಕ್ಕ ಕೊಟ್ಟರು. ಬಿಳಿಯ ತಾಯಂದಿರ ಕೂಸುಗಳ ಸರಾಸರಿ ತೂಕ 3446 ಗ್ರಾಂ. ಆಫ್ರಿಕಾದಲ್ಲಿ ಹುಟ್ಟಿ ವಲಸೆ ಬಂದ ತಾಯಂದಿರದ್ದು 3333. ಅಮೆರಿಕದಲ್ಲೇ ಹುಟ್ಟಿದ ಕಪ್ಪು ತಾಯಂದಿರದ್ದು ಬರೀ 3089. ದೋಷ ವಂಶದ್ದಾಗಿದ್ದರೆ ಆಫ್ರಿಕಾದಿಂದ ನೇರವಾಗಿ ಬಂದವರ ಕೂಸುಗಳೇ ಎಲ್ಲರಿಗಿಂತ ಹಗುರಾಗಿರಬೇಕಿತ್ತಲ್ಲವೇ?

ಹಾಗಾದರೆ ಬಡತನವೇ? ಅದೂ ಇದೆ, ಆದರೆ ಅದೊಂದೇ ಅಲ್ಲ. ಅಪ್ಪ ಅಮ್ಮ ಇಬ್ಬರೂ ಪದವೀಧರರಾದ ಮನೆಗಳನ್ನಷ್ಟೇ ನೋಡಿದ 1992ರ ಅಧ್ಯಯನದಲ್ಲೂ ಕಪ್ಪು ಕೂಸುಗಳ ಸಾವು ಹೆಚ್ಚುಕಡಿಮೆ ಎರಡು ಪಟ್ಟು. ತೂಕ ಸರಿಯಿದ್ದ ಕೂಸುಗಳಲ್ಲಿ ಮಾತ್ರ ಆ ಅಂತರ ಕಾಣಲಿಲ್ಲ. ಅಂದರೆ ಗಂಟು ಇರುವುದು ಕಡಿಮೆ ತೂಕದಲ್ಲಿ, ಅದಕ್ಕೆ ಕಾರಣವಾಗುವ ದಿನಕ್ಕೆ ಮುಂಚಿನ ಹೆರಿಗೆಯಲ್ಲಿ. 900 ಗ್ರಾಂ ಕೂಸಿನ ತಲೆ ನನ್ನ ಅಂಗೈಯಲ್ಲಿದ್ದರೆ ಮಡಚಿದ ಕಾಲು ಮೊಣಕೈ ಮುಟ್ಟುವುದಿಲ್ಲ. ಶ್ವಾಸಕೋಶ ಇನ್ನೂ ಬಲಿತಿರುವುದಿಲ್ಲ, ಒಂದೊಂದು ಉಸಿರಿಗೂ ಪಕ್ಕೆಲುಬು ಒಳಕ್ಕೆ ಕುಸಿಯುತ್ತದೆ. ಅದನ್ನು ನೋಡುತ್ತ ನಿಲ್ಲುವುದು ಎಷ್ಟು ಕಷ್ಟವೆಂದು ನಿಮ್ಮ ಮಗಳಿಗೆ ಗೊತ್ತು.

ಹೆರಿಗೆ ಬೇಗ ಆಗುವುದೇಕೆ? ಸಂಶೋಧಕಿ ಆರ್ಲೀನ್ ಜೆರೋನಿಮಸ್ ಹೇಳುವುದು ನನಗೆ ಸರಿಯೆನಿಸುತ್ತದೆ: ಬಣ್ಣದ ಕಾರಣಕ್ಕೆ ಹುಟ್ಟಿನಿಂದ ಅನುಭವಿಸುವ ಅವಮಾನ, ಆತಂಕ ದೇಹವನ್ನು ವಯಸ್ಸಿಗೆ ಮುಂಚೆಯೇ ಸವೆಸುತ್ತವೆ. ರಕ್ತದೊತ್ತಡ ಏರುತ್ತದೆ, ಬಸಿರು ದಿನ ತುಂಬುವವರೆಗೆ ನಿಲ್ಲುವುದಿಲ್ಲ. ಇದರ ಜೊತೆಗೆ ಆಸ್ಪತ್ರೆಯಲ್ಲಿ ಕಪ್ಪು ತಾಯಂದಿರ ನೋವನ್ನು ಹಗುರವಾಗಿ ಕಾಣುವುದೂ ಇದೆ.

ಆಸ್ಪತ್ರೆಯ ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. ವರ್ಣಭೇದ ಬಿಟ್ಟ ಆಸ್ಪತ್ರೆಗಳಿಗಷ್ಟೇ ಮೆಡಿಕೇರ್ ಎಂಬ ವೃದ್ಧರ ಸರ್ಕಾರಿ ಆರೋಗ್ಯ ವಿಮೆಯ ಹಣ ಎಂದು 1966ರಲ್ಲಿ ಸರ್ಕಾರ ಪಟ್ಟು ಹಿಡಿಯಿತು. ಮಿಸಿಸಿಪಿಯಲ್ಲಿ ಭೇದಿ, ನ್ಯುಮೋನಿಯಾದಿಂದ ಸಾಯುತ್ತಿದ್ದ ಕಪ್ಪು ಕೂಸುಗಳ ಸಂಖ್ಯೆ ಅದಾದ ಕೆಲವೇ ವರ್ಷಗಳಲ್ಲಿ ಸರ್ರನೆ ಇಳಿಯಿತು.

ಇನ್ನು ನಿಮ್ಮ ದಿಗಿಲು. ಅಲ್ಲಿ ಏಷ್ಯಾ ಮೂಲದವರಲ್ಲಿ ಶಿಶುಮರಣ ಬಿಳಿಯರಿಗಿಂತಲೂ ಕಡಿಮೆ, ಸಮಾಧಾನದಿಂದಿರಿ. ಆದರೆ ಬಸಿರಿನ ಸಕ್ಕರೆ ಕಾಯಿಲೆ ನಮ್ಮವರಲ್ಲಿ ಹೆಚ್ಚು. 24ರಿಂದ 28ನೇ ವಾರದೊಳಗಿನ ಪರೀಕ್ಷೆ ತಪ್ಪಿಸಬಾರದು. ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ನೀರು ಹೋಗುವುದು, ಕೂಸಿನ ಮಿಸುಕಾಟ ಕಡಿಮೆಯಾಗುವುದು – ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಹೊರಡಲಿ.

ಬಾಣಂತನಕ್ಕೆ ಹೋದಾಗ ಕೂಸನ್ನು ಬೋರಲು ಮಲಗಿಸಬೇಡಿ, ಅಂಗಾತ ಮಲಗಿಸಿ. ತೊಟ್ಟಿಲಲ್ಲಿ ದಿಂಬು, ಹೊದಿಕೆ ಬೇಡ. ನೀವು ಕೂಸಿಗೆಂದು ಕೌದಿ ಹೊಲಿದಿದ್ದರೆ ಖಂಡಿತ ಒಯ್ಯಿರಿ. ಅದನ್ನು ನೆಲಕ್ಕೆ ಹಾಸಿ, ಕೂಸು ಎಚ್ಚರವಿದ್ದಾಗ ಅದರ ಮೇಲೆ ಆಡಿಸಿ.